ಮೀನಿನಕ್ಕ ನಿಲ್ಲುತ್ತಿದ್ದ ಗೇಟುಗಳು

ಮೊನ್ನೆ ಮಣಿಪಾಲದಲ್ಲಿ ನನ್ನ ಫಿಸಿಯೋಥೆರಪಿ ಕೋಣೆಗೆ ಬಂದ ಹೆಂಗಸೊಬ್ಬರು ಚೀಲದಿಂದ ಸಿಂಬಿಯೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಬುಟ್ಟಿ ಹೊರುವವರು ತಲೆಯ ಮೇಲಿಟ್ಟುಕೊಳ್ಳಲು ಹಳೆ ಸೀರೆಯನ್ನು ಸುತ್ತಿ ಮಾಡಿದ್ದು. ಅದರಿಂದ ಉಪ್ಪು, ಬೆವರು, ಬಂಗುಡೆಯ ವಾಸನೆ ಎದ್ದಿತು. ಆ ಗಳಿಗೆಯಿಂದ ನಮ್ಮ ಮೀನಿನಕ್ಕ ನನ್ನನ್ನು ಬಿಟ್ಟಿಲ್ಲ...

ಮೀನಿನಕ್ಕ ಉಚ್ಚಿಲದವರು. ಬೆಳಿಗ್ಗೆ ಬಸ್ಸಿನಲ್ಲಿ ಶಂಕರಪುರಕ್ಕೆ ಬಂದು, ಮೀನಿನ ಬುಟ್ಟಿ ಹೊತ್ತು ನಮ್ಮ ರಸ್ತೆಯ ಮನೆಮನೆಗೂ ನಡೆಯುತ್ತಿದ್ದರು. ನಾನು ಫಿಸಿಯೋಥೆರಪಿ ಕಾಲೇಜು ಸೇರುವ ಹೊತ್ತಿಗೆ ಪ್ರತಿ ಗೇಟಿನ ಬಳಿಯೂ ನಿಲ್ಲತೊಡಗಿದ್ದರು. ಮೀನು ಬೇಡವೆಂದವರ ಗೇಟಿನಲ್ಲೂ ನಿಂತು ಮದುವೆ, ಬಾಣಂತನ, ಮಲ್ಲಿಗೆಯ ರೇಟು ಎಂದು ಏನಾದರೂ ಮಾತು ತೆಗೆಯುತ್ತಿದ್ದರು. "ಮಾತಿನ ಮಲ್ಲಿ" ಎಂದು ಅಮ್ಮ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಒಂದು ದಿನ ನಮ್ಮ ಗೇಟಿನ ಬಳಿ ಯಾರೂ ಇರಲಿಲ್ಲ. ಅವರು ಗೋಡೆಗೆ ಕೈ ಕೊಟ್ಟು, ಹಲ್ಲು ಕಚ್ಚಿ ನಿಂತದ್ದನ್ನು ಕಿಟಕಿಯಿಂದ ಕಂಡೆ. ಓಡಿಹೋಗಿ ಕೇಳಿದೆ.

"ಎಂತ ಇಲ್ಲ ಮಗಾ. ಕಾಲಿನ ಮೀನಖಂಡ ಹಿಡೀತದೆ, ನಿಂತರೆ ಬಿಡ್ತದೆ. ಮೀನು ಮಾರುವವಳಿಗೆ ಮೀನಖಂಡದ್ದೇ ಕಾಟ, ಅಲ್ವಾ?"

ಆ ವಾರವಷ್ಟೇ ತರಗತಿಯಲ್ಲಿ ಓದಿದ್ದೆ. ಅವರನ್ನು ಜಗಲಿಯಲ್ಲಿ ಕೂರಿಸಿ ಹೇಳಿದೆ: ಕೂತಿರುವಾಗ ಕಾಲಿನ ಸ್ನಾಯುವಿಗೆ ಸ್ವಲ್ಪ ಆಮ್ಲಜನಕ ಸಾಕು; ನಡೆದರೆ ಎಷ್ಟೋ ಪಟ್ಟು ಬೇಕು, ಓಡಿದರೆ ಇನ್ನೂ ಹೆಚ್ಚು. ಅದನ್ನು ತರುವುದು ರಕ್ತ. ರಕ್ತನಾಳ ಸಪೂರವಾದರೆ ಬೇಕಾದಷ್ಟು ತಲುಪದೆ ಸ್ನಾಯು ನೋಯುತ್ತದೆ.

ಅವರು ತಕ್ಷಣ ಹಿಡಿದುಕೊಂಡರು. "ಬೋಟಿನ ಡೀಸೆಲ್ ಪೈಪು ಕಟ್ಟಿದ ಹಾಗೆ. ನಿಂತಾಗ ಗೊತ್ತಾಗುದಿಲ್ಲ, ಓಡಿಸಿದಾಗ ಗೊತ್ತಾಗ್ತದೆ."

ಡಾಕ್ಟರ ಬಳಿ ಕರೆದೊಯ್ದೆ. ಸಕ್ಕರೆ ಕಾಯಿಲೆ ಇತ್ತು. ಕಾಲಿನ ರಕ್ತನಾಳ ಸಪೂರವಾಗಿತ್ತು. ಮಾತ್ರೆ ಕೊಟ್ಟರು, ಹೊಗೆಸೊಪ್ಪು ಬಿಡಲು ಹೇಳಿದರು. ಮತ್ತೆ, ಹೊರೆಯಿಲ್ಲದೆ ದಿನವೂ ನಡೆಯಬೇಕು: ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು. "ಜೀವಮಾನ ಇಡೀ ನಡೆದವಳಿಗೆ ನಡೀಲಿಕ್ಕೆ ಚೀಟಿ ಬರೆದುಕೊಟ್ಟರು ನೋಡು!" ಎಂದು ಅಕ್ಕ ದಾರಿಯುದ್ದಕ್ಕೂ ನಕ್ಕರು.

ಭಾನುವಾರಗಳಲ್ಲಿ, ಬುಟ್ಟಿ ಖಾಲಿಯಾದ ಮೇಲೆ, ನಾನೂ ಜೊತೆಗೆ ನಡೆದೆ. ಮೊದಲು ಎರಡು ಗೇಟಿಗೊಮ್ಮೆ ನಿಲ್ಲುತ್ತಿದ್ದರು. ಆಮೇಲೆ ನಾಲ್ಕು... ಸಿಕ್ಕಷ್ಟೇ ಆಮ್ಲಜನಕದಲ್ಲಿ ಹೆಚ್ಚು ದುಡಿಯುವುದನ್ನು ಸ್ನಾಯು ಕಲಿಯುತ್ತದೆ ಎಂದು ಪುಸ್ತಕದಲ್ಲಿತ್ತು. ಅದು ನನ್ನ ಕಣ್ಣೆದುರೇ ಕಲಿಯುತ್ತಿತ್ತು. ಒಂದು ಸಂಜೆ ಅವರು ಭಜನಾ ಮಂದಿರದವರೆಗೂ ನಿಲ್ಲದೆ ಹೋದರು. ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ನಾನಂತೂ ಪರೀಕ್ಷೆಯಲ್ಲಿ ಗೆದ್ದವಳಂತೆ ಬೀಗಿದ್ದೆ.

ಎಷ್ಟು ಗೇಟು ದಾಟಿದರೆಂದು ನೋಡುತ್ತಿದ್ದ ನಾನು ಚಪ್ಪಲಿ ಬಿಚ್ಚಲು ಒಮ್ಮೆಯೂ ಹೇಳಿರಲಿಲ್ಲ. ಕಾಲ್ಬೆರಳ ಸಂದಿಯಲ್ಲಿ ಮೀನಿನ ಮುಳ್ಳು ಚುಚ್ಚಿ ಗಾಯವಾಗಿತ್ತಂತೆ. ಸಕ್ಕರೆ ಕಾಯಿಲೆಯ ಕಾಲಿಗೆ ನೋವು ಗೊತ್ತಾಗಲಿಲ್ಲ. ರಕ್ತ ಸಾಲದೆ ಗಾಯ ಮಾಯಲೂ ಇಲ್ಲ. ಆಗ ನನಗೆ ಪರೀಕ್ಷೆ, ಎರಡು ತಿಂಗಳು ಊರಿಗೆ ಬರಲಿಲ್ಲ. ಬಂದಾಗ ಅವರ ಮಗಳು ಫೋನು ಮಾಡಿದರು. ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಅಕ್ಕನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು.

"ನಾನು ನೋಡಬೇಕಿತ್ತು ಅಕ್ಕ" ಎಂದೆ.

ಅವರು ಕಾಲಿಲ್ಲದೆ ತಗ್ಗಾಗಿದ್ದ ಹೊದಿಕೆಯನ್ನು ಸವರಿದರು. "ನೀನು ನೋಡಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ ನಡೆಯುದು ಬೇಡ ಅಂತ ಹೇಳ್ತೀಯ ಅಂತ ಹೆದರಿದೆ ಮಗಾ" ಎಂದರು.

ಮುಂದಿನ ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಈಗ ನನ್ನ ಬಳಿ ಯಾರೇ ಬರಲಿ, ಭುಜದ ನೋವೆಂದೇ ಬರಲಿ, ಮೊದಲು ನೆಲದ ಮೇಲೆ ಕೂತು ಅವರ ಪಾದವನ್ನು ಕೈಗೆ ತೆಗೆದುಕೊಳ್ಳುತ್ತೇನೆ. ಬೆರಳು ಬಿಡಿಸಿ ನೋಡುತ್ತೇನೆ. ವಯಸ್ಸಾದವರು ಸಂಕೋಚದಿಂದ ಕಾಲು ಹಿಂದೆಳೆದುಕೊಳ್ಳುತ್ತಾರೆ; ನಾನು ಬಿಡುವುದಿಲ್ಲ. ಅಷ್ಟು ದಿನ ಪಕ್ಕದಲ್ಲೇ ನಡೆದವರ ಪಾದ ಹೇಗಿತ್ತೆಂದು ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.