ಗೋಡೆ ಒಡೆಯದೆ, ಎಣ್ಣೆ ಮುಟ್ಟದೆ

ಬೆಸೆಂಟ್ ನಗರದ ಹಳೆಯ ಅಪಾರ್ಟ್‌ಮೆಂಟೊಂದರ ತಾರಸಿ. ಸಮುದ್ರದ ಕಡೆ ಈಗಷ್ಟೇ ಬೆಳಕು ಬಿಡುತ್ತಿದೆ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಬೇಬಿ ಕುಕ್ಕರಗಾಲಿನಲ್ಲಿ ಕೂತು, ಕಬ್ಬಿಣದ ಪೈಪಿನ ಬಾಯಿಗೆ ಬಿಸಿಗಾಳಿಯ ಹೋಸ್ ಬಿಗಿಯುತ್ತಿದ್ದಾರೆ. ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ತಲೆಗೆ ಬಿಗಿಯಾಗಿ ಸುತ್ತಿದ ಹತ್ತಿಯ ಬಟ್ಟೆ. ಪೈಪು ಇಲ್ಲಿಂದ ನಾಲ್ಕು ಮಹಡಿ ಗೋಡೆಯೊಳಗೇ ಇಳಿದು ನೆಲಮಹಡಿಯಲ್ಲಿ ಬಾಯಿ ತೆರೆಯುತ್ತದೆ. ಅಲ್ಲಿ ಅವರ ಗಂಡ ಕಾಂತಪ್ಪ ಸುಟ್ಟ ಹಪ್ಪಳ ಹಿಡಿದು ಕೂತಿದ್ದಾರೆ.

ಬೇಬಿ ಫೋನಿನಲ್ಲಿ ಕೇಳುತ್ತಾರೆ, "ಹಪ್ಪಳ ಎಂತ ಹೇಳ್ತದೆ?"

"ಮೆತ್ತಗೆ ಉಂಟು."

"ಇನ್ನೂ ಸ್ವಲ್ಪ ಹೊತ್ತು ಹಿಡೀರಿ. ತಿನ್ಬೇಡಿ."

"ಒಂದು ತಿಂದಾಯ್ತು ಮಾರಾಯ್ತಿ. ಇದು ಎರಡನೇದು."

ಸುಟ್ಟ ಹಪ್ಪಳವನ್ನು ಚೆನ್ನೈ ಗಾಳಿಗೆ ಬಿಟ್ಟರೆ ಎಷ್ಟು ಬೇಗ ಮೆತ್ತಗಾಗುತ್ತದೆ ಎಂದು ಈ ಊರಿನ ಎಲ್ಲ ಅಡುಗೆಮನೆಗಳಿಗೂ ಗೊತ್ತು. ಪೈಪಿನಿಂದ ಹೊರಬರುವ ಗಾಳಿಗೆ ಒಡ್ಡಿದ ಹಪ್ಪಳ ಗರಿಗರಿಯಾಗಿಯೇ ಉಳಿದರೆ ಒಳಗೆ ತೇವ ಇಲ್ಲ ಎಂದರ್ಥ. ತೇವ ಅಳೆಯುವ ಮೀಟರೂ ಬೇಬಿಯವರ ಚೀಲದಲ್ಲಿದೆ, ಅದನ್ನೂ ನೋಡುತ್ತಾರೆ. ಎರಡೂ ಒಂದೇ ಮಾತು ಹೇಳಿದ ಮೇಲೆಯೇ ಲೇಪದ ಡಬ್ಬಿ ತೆರೆಯುವುದು.

ಬೇಬಿಯವರ ಕಸುಬು ಪೈಪುಗಳ ಒಳಮೈಗೆ ಲೇಪ ಹಾಕುವುದು. ಗೋಡೆಯೊಳಗಿನ ಪೈಪು ಹೊಟ್ಟೆಯೊಳಗಿನ ಕರುಳಿದ್ದ ಹಾಗೆ, ಸರಿಯಿದ್ದಷ್ಟು ದಿನ ಯಾರಿಗೂ ಅದರ ನೆನಪಿರುವುದಿಲ್ಲ. ತುಕ್ಕು ತಿಂದ ದಿನ ನಲ್ಲಿಯಲ್ಲಿ ಕೆಂಪು ನೀರು ಬರುತ್ತದೆ. ಆಗ ಇರುವ ದಾರಿ ಎರಡು. ಗೋಡೆ ಒಡೆದು ಹೊಸ ಪೈಪು ಹಾಕಬಹುದು. ಇಲ್ಲವೇ ಒಳಗಿನ ತುಕ್ಕು ಕೆರೆದು, ಅದೇ ಪೈಪಿನೊಳಗೆ ಕುಡಿಯುವ ನೀರಿಗೆ ಒಗ್ಗುವ ಎಪಾಕ್ಸಿ ಲೇಪದ ತೆಳುಪದರ ಕೂರಿಸಬಹುದು. ಅದು ಗಟ್ಟಿಯಾದರೆ ಕಬ್ಬಿಣದೊಳಗೆ ಇನ್ನೊಂದು ಪೈಪು ಹುಟ್ಟಿದಂತೆ, ನೀರಿಗೆ ಕಬ್ಬಿಣ ತಾಗುವುದೇ ಇಲ್ಲ.

ಇವತ್ತಿನ ಪೈಪಿಗೆ ಬೇಬಿ ಲೇಪ ಹಾಕುತ್ತಿರುವುದು ಎರಡನೇ ಸಲ. ಮೊದಲನೆಯದು ಎದ್ದುಬಂದಿತ್ತು. ಈ ಸಲವೂ ಎದ್ದರೆ ಸೋಮವಾರ ಗೋಡೆ ಒಡೆಯುವವರು ಬರುತ್ತಾರೆ. ನಿಂತರೆ ಕಟ್ಟಡದ ಉಳಿದ ಪೈಪುಗಳೂ ಬೇಬಿಯವರ ಕೈಗೆ. ನಿವಾಸಿಗಳ ಸಂಘದ ಕಾರ್ಯದರ್ಶಿ ಗುರುಚರಣ ಅವರು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. "ಕೋಪ ಏನಿಲ್ಲ. ಆದ್ರೆ ಮೂರನೇ ಚಾನ್ಸ್ ಅಂತ ನಾನು ಮೀಟಿಂಗ್‌ನಲ್ಲಿ ಕೇಳಕ್ಕಾಗಲ್ಲಮ್ಮಾ" ಎನ್ನುತ್ತಾರೆ. ಅವರ ಮಾತೂ ನ್ಯಾಯವೇ.

ಬೇಬಿ ಕಾರ್ಕಳದ ಕಡೆಯವರು. ಮದುವೆಯಾಗಿ ಚೆನ್ನೈಗೆ ಬಂದಾಗ ಕಾಂತಪ್ಪ ಅಣ್ಣಾ ನಗರದ ಒಂದು ಉಡುಪಿ ಹೋಟೆಲಿನಲ್ಲಿ ಇಡ್ಲಿ ಬೇಯಿಸುವವರು. ಅದೇ ಹೋಟೆಲಿನಲ್ಲಿ ಬೇಬಿ ತರಕಾರಿ ಹೆಚ್ಚುತ್ತಿದ್ದರು. ಹಿಂಬದಿಯ ಮನೆಯವರೊಬ್ಬರು ಅಂಬತ್ತೂರಿನಲ್ಲಿ ಕೆಲಸವಿದೆ ಎಂದು ಕರೆದುಕೊಂಡು ಹೋದರು. ಕಾರ್ಖಾನೆಗಳ ರಾಸಾಯನಿಕ ಹರಿಯುವ ಕೊಳವೆಗಳಿಗೆ ಒಳಲೇಪ ಹಾಕುವ ಸಣ್ಣ ವರ್ಕ್‌ಶಾಪ್ ಅದು.

"ಗುಡಿಸ್ಲಿಕ್ಕೆ ಹೋದದ್ದು ನಾನು" ಎಂದು ಬೇಬಿ ನೆನೆಯುತ್ತಾರೆ. "ಲೇಪ ಕಲಸುವವ ಒಂದಿನ ಬರ್ಲಿಲ್ಲ. ದಣಿಗಳು ನನ್ನನ್ನು ಕರೆದ್ರು. ದೋಸೆ ಹಿಟ್ಟು ಕಲಸಿದ ಹಾಗೆಯೇ, ಗುಳ್ಳೆ ಏಳದ ಹಾಗೆ ಮೆಲ್ಲ ತಿರುಗಿಸ್ಬೇಕು. ಅದು ನಂಗೆ ಬರ್ತಿತ್ತು. ಮತ್ತೆ ಪೊರಕೆ ಕೈಗೆ ಕೊಡ್ಲಿಲ್ಲ ಅವರು."

ವರ್ಕ್‌ಶಾಪ್ ಮುಚ್ಚಿದಾಗ ದಣಿ ಹಳೆಯ ಕಂಪ್ರೆಸರನ್ನು ಬೇಬಿಗೇ ಬಿಟ್ಟುಕೊಟ್ಟರು. ಜೊತೆಗಿದ್ದ ಅನಿಲ್ ಆಗಲೂ ಅದನ್ನು ನಡೆಸುತ್ತಿದ್ದವರು, ಈಗಲೂ ನಡೆಸುತ್ತಿದ್ದಾರೆ. ಮನೆಗಳ ಪೈಪಿನ ಕೆಲಸ ಕೇಳಿಕೊಂಡು ಬೇಬಿ ಹೊರಟಿದ್ದು ಹಾಗೆ. ಶುರುವಿನಲ್ಲಿ ಬಾಗಿಲು ತೆರೆದವರು ಅವರ ಹಿಂದೆ ಇಣುಕಿ "ಮೇಸ್ತ್ರಿ ಎಲ್ಲಿ?" ಎನ್ನುತ್ತಿದ್ದರು. "ನಾನೇ" ಎಂದರೆ ಇನ್ನೊಮ್ಮೆ ಇಣುಕುತ್ತಿದ್ದರು. ಶೋಳಿಂಗನಲ್ಲೂರಿನ ಹೊಸ ಕಟ್ಟಡಗಳಲ್ಲಿ ಪ್ಲಾಸ್ಟಿಕ್ ಪೈಪು, ಅಲ್ಲಿ ಇವರಿಗೆ ಕೆಲಸವಿಲ್ಲ. ಉಪ್ಪುಗಾಳಿಗೆ ಮೈಯೊಡ್ಡಿ ನಿಂತ ಹಳೆಯ ಕಟ್ಟಡಗಳೇ ಇವರ ಗದ್ದೆ.

ಮಂಡಿನೋವು ಹೆಚ್ಚಾಗಿ ಕಾಂತಪ್ಪ ಹೋಟೆಲ್ ಬಿಟ್ಟದ್ದು ಹೋದ ವರ್ಷ. ಮನೆಯಲ್ಲಿ ಕೂತು ಬೇಸರವಾಗಿ ಹೆಂಡತಿಯ ಜೊತೆ ಹೊರಟರು. ಎಡವಟ್ಟು ಆದದ್ದು ಅಲ್ಲೇ.

ಲೇಪ ಪೈಪಿನೊಳಗೆ ಇಳಿಯುವುದು ಎರಡು ಮೆತ್ತನೆಯ ರಬ್ಬರ್ ಬಿರಡೆಗಳ ನಡುವೆ. ಮುಂದೊಂದು ಬಿರಡೆ, ನಡುವೆ ಲೇಪ, ಹಿಂದೆ ಇನ್ನೊಂದು ಬಿರಡೆ. ಹಿಂದಿನಿಂದ ಗಾಳಿ ದೂಡುತ್ತದೆ. ಬಿರಡೆಗಳು ಇಳಿದಂತೆ ಪೈಪಿನ ಒಳಮೈಗೆ ಲೇಪ ಒಂದೇ ಸಮ ಮೆತ್ತಿಕೊಳ್ಳುತ್ತದೆ. ಎರಡು ತಿಂಗಳ ಹಿಂದೆ ಇದೇ ಕಟ್ಟಡದಲ್ಲಿ ಬಿರಡೆಗಳನ್ನು ಎತ್ತಿಕೊಡುವ ಕೆಲಸ ಕಾಂತಪ್ಪನವರದು. ಒಣರಬ್ಬರು ಬೆರಳಿಗೆ ಒರಟಾಗಿ ತಾಗಿತು. ಜೀವಮಾನವಿಡೀ ಇಡ್ಲಿ ತಟ್ಟೆ ಹಿಡಿದ ಕೈ. ತಿಂಡಿ ಡಬ್ಬಿಯ ಪಕ್ಕದಲ್ಲಿದ್ದ ತೆಂಗಿನೆಣ್ಣೆಯ ಬಾಟಲಿ ಕಣ್ಣಿಗೆ ಬಿತ್ತು. ಮುಂದಿನ ಬಿರಡೆಗೆ ನಯವಾಗಿ ಎಣ್ಣೆ ಸವರಿ, ಯಾರಿಗೂ ಹೇಳದೆ, ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನದಿಂದ ಕೊಟ್ಟುಬಿಟ್ಟರು.

ಆ ಬಿರಡೆ ಇಳಿದುಹೋದಲ್ಲೆಲ್ಲ ಪೈಪಿಗೆ ಎಣ್ಣೆ ಬಳಿಯಿತು, ಅದರ ಹಿಂದೆಯೇ ಲೇಪ ಬಂತು. ಎಣ್ಣೆಯ ಮೇಲೆ ಲೇಪ ಕೂರುವುದಿಲ್ಲ, ಕೂತಂತೆ ಕಾಣುತ್ತದೆ ಅಷ್ಟೇ. ತಿಂಗಳು ತುಂಬುವುದರೊಳಗೆ ನೆಲಮಹಡಿಯ ಜಾನಕಮ್ಮನವರ ಹಿತ್ತಾಳೆ ಕೊಡದಲ್ಲಿ ಈರುಳ್ಳಿ ಸಿಪ್ಪೆಯಂಥ ನೀಲಿ ಚಕ್ಕೆಗಳು ತೇಲಿದವು.

ಸುದ್ದಿ ಬಂದ ಗಳಿಗೆಗೆ ಬೇಬಿ ಓಡಿ ಬಂದರು. ಪೈಪಿನ ಕೆಳಬಾಯಿ ಬಿಚ್ಚಿ ಒಳಗೆ ಬೆರಳು ಹಾಕಿದರೆ ಲೇಪ ಹಾಳೆಯಂತೆ ಕೈಗೆ ಬಂತು. ಅದರ ಬೆನ್ನು ಜಿಡ್ಡು ಜಿಡ್ಡು. ಮೂಸಿ ನೋಡಿದರು. ತಿರುಗಿ ಗಂಡನ ಮುಖ ನೋಡಿದರು. ಆಗ ನಡೆದ ಮಾತುಕತೆ ಆ ಕಟ್ಟಡದಲ್ಲಿ ಈಗ ಎಲ್ಲರಿಗೂ ಬಾಯಿಪಾಠ.

"ಎಣ್ಣೆ ಸವರದೆ ತಟ್ಟೆಯಿಂದ ಇಡ್ಲಿ ಏಳ್ತದಾ ಬೇಬಿ?"

"ಇಡ್ಲಿ ಏಳ್ಬೇಕು ಮಾರಾಯ್ರೆ. ಇದು ಏಳ್ಬಾರ್ದು!"

ಗುರುಚರಣ ಕೇಳಿದಾಗ ಲೇಪದ ಡಬ್ಬಿಯೇ ಸರಿಯಿರಲಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳು ಎಂದು ಅನಿಲ್ ಕಣ್ಸನ್ನೆಯನ್ನೂ ಮಾಡಿದರಂತೆ. ಬೇಬಿ ಹೇಳಿದ್ದು ಬೇರೆ. "ತಪ್ಪು ನಮ್ಮದೇ ಸಾರ್. ಎಣ್ಣೆ ತಾಗಿದೆ. ಪೂರ್ತಿ ಕೆರೆದು ಹೊಸತು ಹಾಕಿ ಕೊಡ್ತೇನೆ. ಗೋಡೆ ಮುಟ್ಬೇಡಿ."

ಸಂಘದಲ್ಲಿ ಅವರ ಪರವಾಗಿ ನಿಂತದ್ದು, ಚಕ್ಕೆ ನೀರು ಸಿಕ್ಕಿದ ಜಾನಕಮ್ಮನವರೇ. ಪೈಪು ಹಾದುಹೋಗುವುದು ಅವರ ದೇವರ ಗೂಡಿರುವ ಗೋಡೆಯಲ್ಲಿ. ಆದರೆ ಅದೊಂದೇ ಕಾರಣ ಅಲ್ಲ ಎನ್ನುತ್ತಾರೆ. "ಸುಮ್ಮಾ ಪೊಯ್, ಒಂದು ಸುಳ್ಳು ಹೇಳಿ ಹೋಗಿಬಿಡಬಹುದಿತ್ತಲ್ಲ? ಇವಳು ನಿಂತ್ಲು. ನಿಂತು ಹೇಳಿದವಳಿಗೆ ಇನ್ನೊಂದು ಸಲ ಕೊಡಬೇಕೋ ಬೇಡವೋ, ನೀವೇ ಹೇಳಿ."

ಎದ್ದ ಲೇಪ ಕೆರೆಯುವುದು ಹಾಕುವುದಕ್ಕಿಂತ ಕಷ್ಟ. ಗಾಳಿಯ ಜೊತೆ ಒರಟು ಮರಳನ್ನು ಮತ್ತೆ ಮತ್ತೆ ಹೊಡೆದು, ಜಿಡ್ಡು ತೆಗೆಯುವ ದ್ರಾವಣದಿಂದ ತೊಳೆದು, ಮತ್ತೆ ಮರಳು ಹೊಡೆದು, ಒಂದು ವಾರ ಅದೇ ಕೆಲಸ. ಮರಳಿನ ದೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಾಂತಪ್ಪ ಚೀಲ ಹೊತ್ತರು. ಗಂಡನನ್ನು ಮನೆಯಲ್ಲಿ ಕೂರಿಸಿ ಎಂದವರಿಗೆ ಬೇಬಿ ಕೊಟ್ಟ ಉತ್ತರ ಚಿಕ್ಕದು: "ಈ ತಪ್ಪು ಇನ್ನು ಇವರೊಬ್ಬರು ಮಾಡುದಿಲ್ಲ. ಹೊಸಬ ಬಂದ್ರೆ ಮಾಡ್ತಾನೆ."

ಅಂದಿನಿಂದ ಈ ತಂಡದ ನಿಯಮ ಒಂದೇ. ಕೆಲಸದ ದಿನ ಎಣ್ಣೆ ಮುಟ್ಟುವಂತಿಲ್ಲ. ಹುರಿದ ತಿಂಡಿ ಇಲ್ಲ, ಕರಿದ ಹಪ್ಪಳ ಇಲ್ಲ, ತಲೆಗೂ ಎಣ್ಣೆ ಇಲ್ಲ. ಹುಟ್ಟಿದಾಗಿನಿಂದ ದಿನವೂ ತಲೆಗೆ ತೆಂಗಿನೆಣ್ಣೆ ಕಂಡ ಊರಿನ ಹೆಂಗಸಿಗೆ ಈ ಕೊನೆಯದು ಸಣ್ಣ ಮಾತಲ್ಲ.

ಕೆಳಗಿನಿಂದ ಫೋನು ಬರುತ್ತದೆ. "ಬೇಬಿ, ಹಪ್ಪಳ ಗರಿಗರಿ!" ಮೀಟರೂ ಹೌದೆನ್ನುತ್ತದೆ. ಕಾಂತಪ್ಪ ಮೇಲೆ ಬಂದು, ಸೋಪಿನಲ್ಲಿ ತೊಳೆದ ಎರಡೂ ಅಂಗೈಗಳನ್ನು ಶಾಲೆಯ ಮಕ್ಕಳಂತೆ ಚಾಚುತ್ತಾರೆ. ಬೇಬಿ ಮೂಸಿ ನೋಡಿ, "ಹ್ಞೂಂ, ಕೊಡಿ" ಎನ್ನುತ್ತಾರೆ. ಬಿರಡೆಗಳನ್ನು ಎತ್ತಿಕೊಡುವ ಕೆಲಸ ಇವತ್ತೂ ಕಾಂತಪ್ಪನವರದೇ.

ಕಲಸಿದ ಲೇಪ ಯಾರಿಗಾಗಿಯೂ ಕಾಯುವುದಿಲ್ಲ. ಬಿಸಿಲು ಏರಿ ತಾರಸಿಯ ಪೈಪು ಕಾದರೆ ಅರ್ಧ ದಾರಿಯಲ್ಲೇ ಗಟ್ಟಿಯಾಗುತ್ತದೆ. ಅನಿಲ್ ಗಾಳಿ ಬಿಡುತ್ತಿದ್ದಂತೆ ಬೇಬಿ ಮೆಟ್ಟಿಲಿಳಿಯುತ್ತಾರೆ. ಪ್ರತಿ ಮಹಡಿಯ ಅಡುಗೆಮನೆಯೂ ಅವರಿಗಾಗಿ ತೆರೆದಿದೆ. ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಒಳಗೆ ಬಿರಡೆ ದಾಟಿದಾಗ ಕೈಗೆ ಸಣ್ಣ ನಡುಕ ಬರುತ್ತದೆ. ಬಂದೊಡನೆ ಮುಂದಿನ ಮಹಡಿ.

ಎರಡನೇ ಮಹಡಿಯಲ್ಲಿ ನಡುಕ ಬರುವುದಿಲ್ಲ. ಒಲೆಯ ಮೇಲೆ ಯಾರದೋ ಹಾಲು ಉಕ್ಕುತ್ತಿದೆ, ಅದನ್ನು ನೋಡುವವರಿಲ್ಲ.

"ಅಕ್ಕಾ, ಪ್ರೆಷರ್ ಏತ್ತಟ್ಟುಮಾ? ಏರಿಸ್ಲಾ?" ಫೋನಿನಲ್ಲಿ ಅನಿಲ್ ಅವಸರಿಸುತ್ತಾರೆ.

"ಬೇಡ. ಜೋರು ದೂಡಿದ್ರೆ ಹಾರಿ ಹೋಗ್ತದೆ, ಅಲ್ಲಿ ಲೇಪ ತೆಳು ಆಗ್ತದೆ. ಇಳಿಸು."

"ಇಳಿಸುದಾ?"

"ಇಳಿಸು ಅಂದೆ. ಇನ್ನೂ. ಈಗ ಮೆಲ್ಲ ಏರಿಸು... ಮೆಲ್ಲ..."

ಅಂಗೈ ಗೋಡೆಯಲ್ಲೇ ಇದೆ. ಕಣ್ಣು ಮುಚ್ಚಿದೆ. ಒಳಗಿನ ನಡುಕ ಕೈಗೆ ತಾಗಿದ್ದೇ ಅವರು ಮೆಟ್ಟಿಲ ಕಡೆ ಓಡುತ್ತಾರೆ. ಅವರು ಕೆಳಗೆ ಮುಟ್ಟುವ ಹೊತ್ತಿಗೆ ಬಿರಡೆಗಳು ಒಂದರ ಹಿಂದೊಂದು ಬಕೆಟ್ಟಿಗೆ ಬಿದ್ದಿವೆ. ಉಳಿದ ನೀಲಿ ಲೇಪ ಜೇನಿನಂತೆ ಎಳೆಯಾಗಿ ಇಳಿಯುತ್ತಿದೆ.

ಮರುದಿನ, ಭಾನುವಾರ ಸಂಜೆ, ತಂತಿಯ ತುದಿಯ ಪುಟ್ಟ ಕ್ಯಾಮೆರಾ ಪೈಪಿನೊಳಗೆ ಇಳಿಯುತ್ತದೆ. ಗುರುಚರಣ ಕನ್ನಡಕ ಏರಿಸಿ ತೆರೆಯನ್ನೇ ನೋಡುತ್ತಾರೆ. ಎರಡನೇ ಮಹಡಿಯ ತಿರುವಿನಲ್ಲಿ "ನಿಲ್ಲಿಸಿ" ಎನ್ನುತ್ತಾರೆ. ನೀಲಿ ಒಳಮೈ, ಗಾಜಿನಂತೆ ನುಣುಪು. ಬೇಬಿ ಅಲ್ಲಿಗೇ ಬಿಡುವುದಿಲ್ಲ. ಪೈಪಿನ ಕೆಳಬಾಯಿಯಲ್ಲಿ ಲೇಪದ ಮೇಲೆ ಚೂರಿಯಿಂದ ಗೀರಿ, ಅಂಟುಪಟ್ಟಿ ಒತ್ತಿ, ಸರ್ರನೆ ಕಿತ್ತು ಅವರ ಕೈಗೆ ಕೊಡುತ್ತಾರೆ. ಪಟ್ಟಿಯಲ್ಲಿ ನೀಲಿಯ ಚೂರೂ ಇಲ್ಲ. ಗುರುಚರಣ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿ, ಜೇಬಿನಿಂದ ಫೋನ್ ತೆಗೆದು, ಸೋಮವಾರ ಬರಬೇಕಿದ್ದವರಿಗೆ ಬರುವುದು ಬೇಡ ಎಂದು ಹೇಳುತ್ತಾರೆ. ಗೀರಿದ ಜಾಗಕ್ಕೆ ಬೇಬಿ ಆಗಲೇ ಹೊಸ ಲೇಪ ಸವರುತ್ತಿದ್ದಾರೆ.

ಅದೂ ಗಟ್ಟಿಯಾಗಿ, ಪೈಪು ತೊಳೆದು, ನೀರು ಬಿಟ್ಟದ್ದು ಮಂಗಳವಾರ ಬೆಳಿಗ್ಗೆ. ಜಾನಕಮ್ಮ ಮೊದಲ ಕೊಡ ಹಿಡಿದು, ಬೆಳಕಿಗೆ ಬಾಗಿಸಿ, ಒಳಗೆ ಇಣುಕಿ, ಒಂದು ಲೋಟ ತುಂಬಿ ಬೇಬಿಗೆ ಕೊಡುತ್ತಾರೆ. "ಮೊದಲು ನೀನು ಕುಡಿಯಮ್ಮಾ." ಬೇಬಿ ನಿಂತಲ್ಲೇ ಗಟಗಟನೆ ಕುಡಿದು ಲೋಟ ತೊಳೆದಿಡುತ್ತಾರೆ.

ಕೆಲಸ ಸಿಕ್ಕಿತಲ್ಲ, ಇನ್ನೇನು ಆಸೆ ಎಂದು ಕೇಳಿದರೆ ತಲೆಯ ಬಟ್ಟೆ ಬಿಗಿಮಾಡಿಕೊಳ್ಳುತ್ತ ನಗುತ್ತಾರೆ.

"ಈ ಬಿಲ್ಡಿಂಗಿನ ಕಡೇ ಪೈಪ್ ಮುಗಿದ ದಿನ ತಲೆ ತುಂಬ ಎಣ್ಣೆ ಹಾಕಿ, ಬಿಸಿನೀರು ಮೀಯ್ಬೇಕು. ಅಲ್ಲಿತನಕ ಬೇಡ."

"ಎಣ್ಣೆ ನಾನೇ ತಿಕ್ತೇನೆ" ಎನ್ನುತ್ತಾರೆ ಕಾಂತಪ್ಪ, ಮರಳಿನ ಚೀಲ ಹೆಗಲಿಗೇರಿಸುತ್ತ.

"ಅದಕ್ಕೆ ಆಗ್ಬಹುದು ನಿಮ್ಮ ಕೈ" ಎಂದು ಬೇಬಿ ಮುಂದಿನ ಪೈಪಿನ ಕಡೆ ಮೆಟ್ಟಿಲು ಹತ್ತುತ್ತಾರೆ.