ಫಾರಿನ್ ಅಕ್ಕನ ಸ್ಟೇಟಸ್

ಗಂಡನ ಮನೆ ಬಿಟ್ಟು, ಒಂದು ಸೂಟ್‌ಕೇಸು ಮತ್ತು ತನ್ನ ಹೊಲಿಗೆ ಯಂತ್ರದ ಜೊತೆ ತವರಿಗೆ ವಾಪಸು ಬಂದಾಗ ಅವಳಿಗೆ ಮೂವತ್ತೊಂದು. ಬೀದಿಯವರು ಅವಳನ್ನು ಬೈಯಲಿಲ್ಲ, ಎದುರಿಗೆ ಆಡಿಕೊಳ್ಳಲೂ ಇಲ್ಲ. 'ಪಾಪ' ಅಂದರು, ಅಷ್ಟೇ. ಬ್ಲೌಸ್ ಹೊಲಿಸಲು ಬಂದವರು ಅಳತೆ ಕೊಡುತ್ತಲೇ 'ಪಾಪ' ಅನ್ನುತ್ತಿದ್ದರು. ಯಾರದೋ ಮದುವೆಯಲ್ಲಿ ಎಲ್ಲರೂ ಫೋಟೊಗೆ ನಿಂತಾಗ ಸೋದರತ್ತೆ, "ಪಾಪ, ಅವಳನ್ನೂ ಕರೀರಿ," ಅಂದಳು. ಆ ಫೋಟೊದಲ್ಲಿ ಇವಳು ಮುಖ ಗಂಟಿಕ್ಕಿಕೊಂಡು ಒಂದು ಮೂಲೆಯಲ್ಲಿ ನಿಂತಿದ್ದಾಳೆ. ಐದು ವರ್ಷ ಈ ಎರಡಕ್ಷರ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು.

ಹಾಗಾಗಿ ಒಬ್ಬ ಏಜೆಂಟು, "ಹೊರದೇಶದಲ್ಲಿ ದೊಡ್ಡ ಹೋಟೆಲು, ಹೊಲಿಗೆ ವಿಭಾಗದಲ್ಲಿ ಕೆಲಸ, ಊಟ ವಸತಿ ಅವರದ್ದೇ," ಅಂದಾಗ ಅವಳು ಹಿಂದೆ ಮುಂದೆ ನೋಡಲಿಲ್ಲ.

ಹೋಟೆಲೇನೋ ನಿಜವಾಗಿಯೂ ದೊಡ್ಡದೇ. ಆದರೆ ಹೊಲಿಗೆ ವಿಭಾಗ ಅಂತ ಅಲ್ಲಿದ್ದದ್ದು ಒಂದು ಮುರುಕಲು ಮೇಜು, ಒಂದು ಯಂತ್ರ. ವಾರಕ್ಕೊಮ್ಮೆ ಹರಿದ ಪರದೆ ಬಂದರೆ ಅದೇ ಹೆಚ್ಚು. ಅವಳ ನಿಜವಾದ ಕೆಲಸ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಒಗೆದ ಬೆಡ್‌ಶೀಟುಗಳನ್ನು ಇಬ್ಬರು ಎರಡು ತುದಿ ಹಿಡಿದು ಉರುಳುವ ಇಸ್ತ್ರಿ ಯಂತ್ರದ ಬಾಯಿಗೆ ಕೊಡಬೇಕು. ಹತ್ತು ಗಂಟೆ ಅದೇ. ಮೊದಲ ವಾರವೇ ಬಲ ಮುಂಗೈ ಯಂತ್ರಕ್ಕೆ ತಾಗಿ ಚರ್ಮ ಸುಲಿಯಿತು. ಎದುರಿಗೆ ನಿಂತು ಶೀಟಿನ ಇನ್ನೊಂದು ತುದಿ ಹಿಡಿಯುತ್ತಿದ್ದ ಹೆಂಗಸು ತನ್ನ ಅಂಗಿಯ ತೋಳು ಮಡಿಚಿ ತೋರಿಸಿದಳು. ಮೊಣಕೈವರೆಗೆ ಗೆರೆ ಗೆರೆ ಕಲೆ. ಭಾಷೆ ಬೇರೆಯಾದರೂ ಮಾತು ಅರ್ಥವಾಯಿತು.

ವಸತಿ ಅಂದರೆ ಒಂದು ಕೋಣೆಗೆ ಎಂಟು ಜನ. ಮೇಲೊಂದು ಕೆಳಗೊಂದು ಅಂತ ನಾಲ್ಕು ಜೋಡಿ ಕಬ್ಬಿಣದ ಮಂಚ. ಇವಳದು ಕೆಳಗಿನದು. ಸುತ್ತ ಒಂದು ಹಳೇ ದುಪ್ಪಟ್ಟಾ ಕಟ್ಟಿಕೊಂಡರೆ ಅದೇ ಅವಳ ಮನೆ. ಪಾಸ್‌ಪೋರ್ಟು ಹೋಟೆಲಿನ ಆಫೀಸಿನ ಬೀರುವಿನಲ್ಲಿ.

ಎರಡನೇ ತಿಂಗಳು ಒಂದು ರಾತ್ರಿ, ಪಾಳಿ ಮುಗಿಸಿ ಸ್ವೆಟರು, ಫೋನು ಎತ್ತಿಕೊಂಡು ಹೊರಡುವಾಗ ಹದಿನೆಂಟನೇ ಮಹಡಿಯ ಒಂದು ಕೋಣೆಯಿಂದ ಕರೆ ಬಂತು. ಪರದೆಯ ಅಂಚು ಬಿಚ್ಚಿದೆ, ಅಲ್ಲೇ ಕೂತು ಹೊಲಿಯಬೇಕು. ಹೊಲಿದಾದ ಮೇಲೆ ಅವಳು ತಲೆ ಎತ್ತಿದಳು. ನೆಲದಿಂದ ಸೂರಿನವರೆಗೆ ಗಾಜು. ಕೆಳಗೆ ಊರಿಗೆ ಊರೇ ಬೆಳಕಿನಲ್ಲಿ ಹಾಸಿಕೊಂಡಿತ್ತು. ಯೂನಿಫಾರ್ಮಿನ ಮೇಲೆ ತನ್ನ ಸ್ವೆಟರು ಹಾಕಿಕೊಂಡು, ತಲೆಗೂದಲು ಸರಿ ಮಾಡಿಕೊಂಡು ಒಂದು ಫೋಟೊ ತೆಗೆದಳು. ಸ್ಟೇಟಸ್‌ಗೆ ಹಾಕುವಾಗ ಕೆಳಗೆ ಒಂದಕ್ಷರವೂ ಬರೆಯಲಿಲ್ಲ. ಸುಳ್ಳು ಹೇಳಲಿಲ್ಲ ಅಂತ ಅವಳು ಆಮೇಲೆ ಎಷ್ಟೋ ಸಲ ಸಮಾಧಾನ ಮಾಡಿಕೊಂಡದ್ದು ಇದೇ ನೆಪದಲ್ಲಿ.

ಸೋದರತ್ತೆ ತಕ್ಷಣ ಬರೆದಳು: "ಅದೃಷ್ಟ ಅಂದ್ರೆ ನಿಂದು ಕಣೆ!"

ಪಾಪ ಹೋಗಿ ಅದೃಷ್ಟ ಬಂದಿತ್ತು. ಅವಳು ಆ ಸಾಲನ್ನು ಏಳೆಂಟು ಸಲ ಓದಿದಳು.

ಅಲ್ಲಿಂದ ಶುರುವಾಯಿತು. ತಿಂಗಳಿಗೆರಡು ರಜೆ. ಆ ದಿನ ಚೀಲದಲ್ಲಿ ಮೂರು ಜೊತೆ ಬಟ್ಟೆ ತುಂಬಿಕೊಂಡು ಶಾಪಿಂಗ್ ಮಾಲ್‌ಗೆ ಹೋಗುವುದು, ಅಲ್ಲಿನ ಶೌಚಾಲಯದಲ್ಲಿ ಬಟ್ಟೆ ಬದಲಿಸುವುದು, ಕಾರಂಜಿ ಎದುರು ಒಂದು, ಗಾಜಿನ ಲಿಫ್ಟಿನಲ್ಲಿ ಒಂದು, ಯಾರೋ ಕುಡಿದಿಟ್ಟು ಹೋದ ಕಾಫಿ ಕಪ್ಪಿನ ಮುಂದೆ ಒಂದು. ಒಂದೇ ದಿನ ತೆಗೆದದ್ದನ್ನು ಹದಿನೈದು ದಿನ ಹಂಚಿ ಹಾಕುತ್ತಿದ್ದಳು. ಊರಲ್ಲಿ ಅವಳ ಹೆಸರೇ 'ಫಾರಿನ್ ಅಕ್ಕ' ಆಯಿತು. ಎರಡು ವರ್ಷ ಮುಗಿದು ರಜೆಗೆ ಬಂದಾಗ ಸುಡು ಬಿಸಿಲಲ್ಲೂ ತುಂಬುತೋಳಿನ ಕುರ್ತಾ. "ಅಲ್ಲಿನ ಫ್ಯಾಷನ್ನೇ ಹೀಗಂತೆ," ಅಂತ ಅಮ್ಮ ಬಂದವರಿಗೆಲ್ಲ ಹೇಳಿದಳು. ಇವಳು ಹೂಂ ಅಂದಳು. ವಾಪಸು ಹೋಗಿ ಇನ್ನೆರಡು ವರ್ಷದ ಕರಾರಿಗೆ ಸಹಿ ಹಾಕಿದಳು.

ಅವಳಿಗೊಬ್ಬಳು ತಂಗಿ, ಒಂಬತ್ತು ವರ್ಷ ಚಿಕ್ಕವಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಗಂಡ, ಮೂರು ವರ್ಷದ ಮಗಳು. ಅಕ್ಕನ ಒಂದೊಂದು ಸ್ಟೇಟಸ್ಸಿಗೂ ಮೊದಲು ಹೃದಯದ ಚಿಹ್ನೆ ಒತ್ತುತ್ತಿದ್ದವಳು ಅವಳೇ. ನಾಲ್ಕನೇ ವರ್ಷ ಒಂದು ಬೆಳಿಗ್ಗೆ ತಂಗಿಯ ಫೋನು.

"ಅಕ್ಕಾ, ಗಟ್ಟಿಯಾಗಿ ಏನಾದ್ರೂ ಹಿಡ್ಕೋ. ಮುಂದಿನ ತಿಂಗಳು ನಾನೂ ಅಲ್ಲಿಗೇ ಬರ್ತಿದ್ದೀನಿ! ಅದೇ ಏಜೆಂಟು, ಅದೇ ಹೋಟೆಲು. ವೀಸಾನೂ ಬಂತು. ನಿನಗೆ ಸರ್‌ಪ್ರೈಸ್ ಕೊಡೋಣ ಅಂತ ಹೇಳಿರ್ಲಿಲ್ಲ."

ಇವಳು ಮೊದಲು ಕೇಳಿದ್ದು ಒಂದೇ: "ಮಗು?"

"ಅಮ್ಮ ನೋಡ್ಕೋತಾಳೆ. ಎರಡೇ ವರ್ಷ ತಾನೇ?"

"ಬೇಡ ಕಣೆ. ಇಲ್ಲಿ ಕಷ್ಟ."

"ಎಲ್ಲಿಲ್ಲ ಹೇಳು ಕಷ್ಟ?" ತಂಗಿ ನಕ್ಕಳು. ಅಕ್ಕ ಮತ್ತೆ ಮತ್ತೆ ಬೇಡ ಅಂದಾಗ ನಗು ನಿಂತಿತು. "ಓ, ನೀನೊಬ್ಳೇ ಚೆನ್ನಾಗಿರ್ಬೇಕು ಅಂತಲಾ? ಲ್ಯಾಬಿಗೆ ಆಗ್ಲೇ ರಾಜೀನಾಮೆ ಕೊಟ್ಟಾಯ್ತು."

ಮಾರನೇ ದಿನ ಅಮ್ಮನ ಸರದಿ. "ಒಡಹುಟ್ಟಿದವಳ ಮೇಲೆ ಹೊಟ್ಟೆಕಿಚ್ಚು ಪಡಬೇಡ ಕಣೆ. ನಿನ್ನ ಅನ್ನ ಅವಳು ಕಿತ್ಕೋತಾಳಾ?"

ಇನ್ನು ಬಾಯಿಮಾತಿನಿಂದ ಆಗುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಮೊದಲ ಸಲ ತನ್ನ ಕೋಣೆಯ ಫೋಟೊ ತೆಗೆದಳು. ಮಂಚಗಳು, ಹಗ್ಗದ ಮೇಲೆ ಒಣಗುತ್ತಿದ್ದ ಎಂಟು ಜನರ ಬಟ್ಟೆ, ಅವಳ ಮುಂಗೈ. ತಂಗಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಇದು ಯಾರ ರೂಮು? ನನ್ನ ಹೆದರಿಸೋಕೆ ಇಂಟರ್ನೆಟ್ಟಿಂದ ತೆಗೆದ್ಯಾ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ವರ್ಷದ ಬಣ್ಣದ ಫೋಟೊಗಳನ್ನೆಲ್ಲ ಕಣ್ಣುಮುಚ್ಚಿ ನಂಬಿದ್ದ ತಂಗಿ, ಇದ್ದದ್ದನ್ನು ಇದ್ದ ಹಾಗೆ ತೋರಿಸಿದ ಒಂದೇ ಫೋಟೊವನ್ನು ನಂಬಲಿಲ್ಲ.

ಲಾಂಡ್ರಿಗೆ ಫೋನು ತರುವ ಹಾಗಿರಲಿಲ್ಲ. ಮಾರನೇ ದಿನ ಅವಳು ಫೋನನ್ನು ಒಗೆದ ಟವೆಲ್ಲಿನ ಮಡಿಕೆಯಲ್ಲಿಟ್ಟು ಒಳಗೆ ತಂದಳು. ಹನ್ನೊಂದು ಗಂಟೆಗೆ, ಯಂತ್ರಗಳೆಲ್ಲ ಭೋರ್ಗರೆಯುತ್ತಿರುವಾಗ, ತಂಗಿಗೆ ವೀಡಿಯೊ ಕಾಲ್ ಮಾಡಿದಳು.

"ಮಾತಾಡ್ಬೇಡ. ಸುಮ್ನೆ ನೋಡು," ಅಂದಳು.

ಕೊಳೆ ಶೀಟುಗಳ ರಾಶಿ ತೋರಿಸಿದಳು. ಹಬೆ ತೋರಿಸಿದಳು. ಎದುರಿನ ಹೆಂಗಸು ಶೀಟಿನ ತುದಿ ಹಿಡಿದೇ ಫೋನಿನ ಕಡೆ ನೋಡಿ, ತೋಳು ಎತ್ತಿ ತನ್ನ ಕಲೆಗಳನ್ನು ತೋರಿಸಿದಳು. ಇವಳು ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. "ಇದೇ ನನ್ನ ಕೆಲಸ. ನಾಲ್ಕು ವರ್ಷದಿಂದ ಇದೇ. ಹದಿನೆಂಟನೇ ಮಹಡಿ ನಾನು ನೋಡಿರೋದು ಆರು ಸಲ, ಪರದೆ ಹೊಲಿಯೋಕೆ. ಪಾಸ್‌ಪೋರ್ಟು ನನ್ನ ಕೈಲಿಲ್ಲ. ನಾಳೆ ನಿನ್ನ ಮಗಳಿಗೆ ಜ್ವರ ಬಂದ್ರೆ, ಅವರು ಬಿಟ್ರೆ ಉಂಟು, ಇಲ್ದಿದ್ರೆ ಇಲ್ಲ."

ತಂಗಿ ಬಾಯಿ ತೆರೆದಳು. ಅವಳು ಏನು ಹೇಳಿದಳೋ ಯಂತ್ರದ ಸದ್ದಿನಲ್ಲಿ ಕೇಳಿಸಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಸೂಪರ್‌ವೈಸರ್ ಬಂದು ಫೋನು ಕಿತ್ತುಕೊಂಡ.

ಎಚ್ಚರಿಕೆ ಪತ್ರ ಕೊಟ್ಟರು. ಫೋನು ಆಫೀಸಿನಲ್ಲಿ ಹತ್ತು ದಿನ ಇತ್ತು. ಇವಳನ್ನು ಇಸ್ತ್ರಿಯಿಂದ ತೆಗೆದು ಕೊಳೆ ಬಟ್ಟೆ ವಿಂಗಡಿಸುವ ಕಡೆಗೆ ಹಾಕಿದರು. ಅಲ್ಲಿ ಯಾರೂ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಯಾರ ಯಾರದೋ ವಾಂತಿ, ರಕ್ತ, ಇನ್ನೇನೇನೋ. ಕೈಗವಸು ತೆಗೆದು ಎಷ್ಟು ಉಜ್ಜಿದರೂ ಊಟಕ್ಕೆ ಕೂತಾಗ ಅದೇ ವಾಸನೆ. ಅದಕ್ಕಿಂತ ಹೆಚ್ಚಾಗಿ ಅವಳನ್ನು ತಿಂದದ್ದು ಒಂದೇ ಪ್ರಶ್ನೆ: ತಂಗಿ ನಂಬಿದಳೋ, ಅಲ್ಲ ವಿಮಾನ ಹತ್ತಿದಳೋ?

ಹನ್ನೊಂದನೇ ದಿನ ಫೋನು ಕೈಗೆ ಬಂತು. ತಂಗಿ ಹೊರಟಿರಲಿಲ್ಲ. ಆದರೆ ಅವಳು ಕಳಿಸಿದ್ದ ಮಾತು ಹೀಗಿತ್ತು:

"ಬರಲ್ಲ ಬಿಡು. ಲ್ಯಾಬಿನಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಯ್ತು. ಅದಕ್ಕೂ ನನಗೆ ಬೇಜಾರಿಲ್ಲ. ನಾಲ್ಕು ವರ್ಷ ನಿನ್ನ ಫೋಟೊ ತೋರಿಸಿ ತೋರಿಸಿ ನನ್ನ ಗಂಡನ ಹತ್ರ ಜಗಳ ಆಡಿದ್ದೀನಿ ಅಕ್ಕ. 'ನೋಡಿ, ಒಬ್ಬಳೇ ಹೋಗಿ ಹೇಗಿದ್ದಾಳೆ, ನಾವಿಬ್ರೂ ಇದ್ದು ಏನು ಕಂಡ್ವಿ' ಅಂತ. ಆ ಮನುಷ್ಯ ತಲೆ ತಗ್ಗಿಸಿಕೊಂಡು ಕೇಳ್ತಿದ್ರು. ಈಗ ಅವರ ಮುಖ ಹೇಗೆ ನೋಡ್ಲಿ?"

ಇವಳು ಉತ್ತರ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಹೋದದ್ದು 'ತಪ್ಪಾಯ್ತು' ಅನ್ನುವ ಒಂದೇ ಪದ. ಮೂರು ತಿಂಗಳು ತಂಗಿ ಮಾತಾಡಲಿಲ್ಲ.

ಸ್ಟೇಟಸ್ಸು ನಿಂತಿತು. ರಜೆಯ ದಿನ ಮಾಲ್ ಕಡೆ ಹೋಗಲು ಮನಸ್ಸೇ ಬರಲಿಲ್ಲ. ದುಪ್ಪಟ್ಟಾ ಇಳಿಬಿಟ್ಟು ಮಲಗುತ್ತಿದ್ದಳು. ಮೇಲಿನ ಮಂಚದವಳು, ಅವಳ ಜೊತೆ ಶೀಟು ಹಿಡಿಯುತ್ತಿದ್ದವಳೇ, ಒಂದು ದಿನ ಕೆಳಗೆ ಬಗ್ಗಿ ನೋಡಿ ಅನ್ನದ ತಟ್ಟೆ ಇಟ್ಟು ಹೋದಳು.

ನಾಲ್ಕನೇ ತಿಂಗಳು ತಂಗಿಯೇ ಫೋನು ಮಾಡಿದಳು. ಬೇರೊಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ಮನೆಯಿಂದ ದೂರ, ಎರಡು ಬಸ್ಸು. ಕ್ಷಮಿಸಿದ್ದೇನೆ ಅಂತ ಹೇಳಲಿಲ್ಲ. "ಕೈಗೆ ಏನು ಹಚ್ತಿದ್ದೀಯ?" ಅಂದಳು. ಮುಲಾಮಿನ ಹೆಸರು ಕೇಳಿ, "ಅದರಿಂದ ಪ್ರಯೋಜನವಿಲ್ಲ, ಬೇರೇದರ ಹೆಸರು ನಾನು ಬರೆದು ಕಳಿಸ್ತೀನಿ," ಅಂದು ಫೋನಿಟ್ಟಳು.

ಅಮ್ಮನದು ಬೇರೆಯೇ ಕಥೆ. ಅಮ್ಮ ಆ ವೀಡಿಯೊ ವಿಷಯ ಪೂರ್ತಿ ತಿಳಿದು ಎರಡು ದಿನ ಊಟ ಬಿಟ್ಟಿದ್ದಳಂತೆ. ಆದರೂ ಒಂದು ದಿನ ಫೋನಿನಲ್ಲಿ ಅಳುಕುತ್ತ ಅಂದಳು, "ಸ್ಟೇಟಸ್ ಯಾಕೆ ಹಾಕ್ತಿಲ್ಲ ಅಂತ ಎಲ್ಲರೂ ಕೇಳ್ತಾರೆ ಕಣೆ. ಹಳೇದಾದ್ರೂ ಒಂದು ಹಾಕು."

"ಅಮ್ಮಾ, ನಿನಗೆ ಎಲ್ಲಾ ಗೊತ್ತಲ್ಲ?"

"ನನಗೆ ಗೊತ್ತು. ಅವರಿಗೆ ಯಾಕೆ ಗೊತ್ತಾಗ್ಬೇಕು?"

"ಹಾಕಲ್ಲ ಅಮ್ಮ."

ಅಮ್ಮ ಅಂದಳು, "ನಿನಗೇನಮ್ಮ, ನೀನು ಅಲ್ಲಿರ್ತೀಯ. ಇಲ್ಲಿ ಜನಕ್ಕೆ ಮುಖ ತೋರಿಸ್ಬೇಕಾದವಳು ನಾನು."

ಕರಾರು ಮುಗಿಯಲು ಇನ್ನೂ ಎರಡು ತಿಂಗಳಿತ್ತು. ಈ ಸಲ ಸಹಿ ಹಾಕುವುದಿಲ್ಲ ಅಂತ ಅವಳು ಆಫೀಸಿನಲ್ಲಿ ಬರೆದುಕೊಟ್ಟಿದ್ದಳು. ಅಮ್ಮನಿಗೆ ಮಾತ್ರ ಅದನ್ನು ಇನ್ನೂ ಹೇಳಿರಲಿಲ್ಲ. ಈಗ ಹೇಳೋಣ ಅಂತ ಬಾಯಿವರೆಗೆ ಬಂತು. "ಪಾಳಿ ಶುರುವಾಗುತ್ತೆ, ಇಡ್ತೀನಿ ಅಮ್ಮ," ಅಂದು ಫೋನು ಇಟ್ಟು, ಕೈಗವಸು ಹುಡುಕತೊಡಗಿದಳು.