ಎ.ಸಿ. ಅಂಗಡಿಯ ಹಾಸಿಗೆ, ಫ್ಯಾನಿನ ಮನೆ

ಬೆಳಗಿನ ಐದೂಮುಕ್ಕಾಲು. ಇಲೋಇಲೋ ಪಟ್ಟಣದ ಪುಟ್ಟ ಮನೆಯೊಂದರಲ್ಲಿ ಸಲ್ವಾಸಿಯೊನ್ ಪಗುನ್ಸಾನ್ ಎಂಬಾಕೆ ಬೇರೆಯವರ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಾರೆ. ನಿದ್ದೆಯಲ್ಲ, ಇದೇ ಅವರ ಕೆಲಸ. ಇಪ್ಪತ್ತು ನಿಮಿಷವಾದ ಮೇಲೆ ಅಂಚಿಗೆ ಸರಿದು ಕೂರುತ್ತಾರೆ. ಮುಖ ಹುಳ್ಳಗಾಗುತ್ತದೆ.

"ಅಯ್ಯೋ, ಹೂತೇ ಹೋಗ್ತಿದೀನಲ್ಲೇ ಜೋವಿತಾ!"

ಜೋವಿತಾ ಈ ಮನೆಯ ಮಗಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿರುವ ಅವಳ ಅಪ್ಪ ಕ್ರಿಸ್ಪುಲೋ ಇಂದು ಒಂಬತ್ತಕ್ಕೆ ಆಸ್ಪತ್ರೆಯಿಂದ ಬರುತ್ತಾರೆ. ಕೂತಾಗ ಮಂಡಿಗಿಂತ ಸೊಂಟ ಕೆಳಗಿಳಿಯಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಕುಸಿಯುವ ಹಾಸಿಗೆಯಿಂದ ಏಳಹೋಗಿ ಮುದುಕ ಬಿದ್ದರೆ ಗತಿಯೇನು?

ಎಲ್ಲರೂ ಸಲ್ವಾ ಎಂದು ಕರೆಯುವ ಸಲ್ವಾಸಿಯೊನ್‌ಗೆ ಐವತ್ತೆಂಟು. ಹಾಸಿಗೆ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದ ದುಡಿಮೆ. ಗಿರಾಕಿಗಳಿಗೆ ತೋರಿಸಲು ದಿನಕ್ಕೆ ಮೂವತ್ತು ಸಲ ಮಲಗಿ ಏಳುತ್ತಾರೆ. ಸ್ವಂತ ಮನೆಯಲ್ಲಿ ಇರುವುದು ಬಿದಿರಿನ ಮಂಚ, ಚಾಪೆ. ಈ ಹಾಸಿಗೆಯೊಳಗಿರುವುದು ಮೆಮೊರಿ ಫೋಮ್, ಮೈಯ ಭಾರಕ್ಕೆ ತಗ್ಗುವ ಸ್ಪಂಜು; ತಂಪಿನಲ್ಲಿ ಗಟ್ಟಿ, ಸೆಕೆಯಲ್ಲಿ ಮೆತ್ತಗೆ. ಅಂಗಡಿಯಲ್ಲೋ ಎ.ಸಿ. ಕೊರೆಯುತ್ತಿರುತ್ತದೆ. ಅಲ್ಲಿ ಹಾಯೆನಿಸಿದ ಹಾಸಿಗೆ ಮನೆಯ ಸೆಕೆಯಲ್ಲಿ ಕುಸಿಯುತ್ತದೆ. ಅದಕ್ಕೇ ಸಲ್ವಾ ಗಿರಾಕಿಗಳನ್ನು ಮೊದಲು ಕೇಳುವುದು, "ಮನೇಲಿ ಎ.ಸಿ.ನಾ, ಫ್ಯಾನಾ?" ಶನಿವಾರದ ನೂಕುನುಗ್ಗಲಲ್ಲಿ ಅಪ್ಪನಿಗೆಂದು ಇದನ್ನು ಕೊಂಡ ಜೋವಿತಾಳನ್ನು ಕೇಳುವುದೇ ಮರೆತಿತ್ತು. ನೆನಪಾದಾಗಿನಿಂದ ಅವರಿಗೆ ಊಟ ಸೇರಿಲ್ಲ.

"ಪ್ಲಾಸ್ಟಿಕ್ ಕಿತ್ತಾಯ್ತಲ್ಲ ಮನಾಂಗ್," ಎಂದು ಅಕ್ಕನನ್ನು ಕರೆಯುವಂತೆ ಕರೆದು ಜೋವಿತಾ ಗೋಳಾಡುತ್ತಾಳೆ. "ಇನ್ನು ವಾಪಸ್ ತಗೋತಾರಾ?"

"ತಗೊಳ್ಳಲ್ಲ. ಮ್ಯಾನೇಜರು ನನ್ನ ಜನ್ಮ ಜಾಲಾಡ್ತಾನೆ. ಜಾಲಾಡ್ಲಿ, ತಪ್ಪು ನಂದು."

ಅಂಗಡಿಯ ಬೀಗದ ಕೈ ಇರುವುದು ವ್ಯಾನ್ ಡ್ರೈವರ್ ಎರ್ನಿಂಗ್ ಬಳಿ. ಸಲ್ವಾ ಅವನಿಗೆ ಫೋನ್ ಹಚ್ಚುತ್ತಾರೆ. "ಕಿಟಕಿ ಪಕ್ಕದ ಗಟ್ಟಿ ಹಾಸಿಗೆ ತಗೊಂಡ್ ಬಾರೋ, ಮೇಲೆ ಮಾತ್ರ ತೆಳ್ಳಗೆ ಫೋಮ್ ಇದೆಯಲ್ಲ, ಅದು. ಸುರುಳಿ ಸುತ್ತಿದ್ದು ಬೇಡ, ಉಬ್ಬೋಕೆ ಒಂದು ದಿನ ಹಿಡಿಯತ್ತೆ."

"ಸಾಹೇಬ್ರು ಕೇಳಿದ್ರೆ?"

"ಸಲ್ವಾ ಮುದುಕಿಗೆ ತಲೆ ಕೆಟ್ಟಿದೆ ಅನ್ನು!"

ಏಳಾಯಿತು, ಎಂಟಾಯಿತು, ವ್ಯಾನಿನ ಸುಳಿವಿಲ್ಲ. ಮೇಜಿನ ಮೇಲೆ ಪಾನ್‌ದೆಸಾಲ್ ಬನ್ನುಗಳು ಆರಿ ಹೋಗಿವೆ, ಯಾರೂ ಮುಟ್ಟಿಲ್ಲ. ಸಲ್ವಾ ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನೂ ಮತ್ತೆ ಮತ್ತೆ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತೇನೆ. ಎಂಟೂ ಇಪ್ಪತ್ತಕ್ಕೆ ಹಾಸಿಗೆ ಬರುತ್ತದೆ. ಫ್ಯಾನಿನ ಕೆಳಗೆ ಸಲ್ವಾ ಮತ್ತೆ ಇಪ್ಪತ್ತು ನಿಮಿಷ ಮಲಗುತ್ತಾರೆ, ಅಂಚಿಗೆ ಬಂದು ಕೂರುತ್ತಾರೆ, ಎದ್ದು ನಿಲ್ಲುತ್ತಾರೆ. ಮುದುಕರ ತೂಕ ತನಗಿಂತ ಹೆಚ್ಚಲ್ಲವೇ ಎಂದು ಇನ್ನೂ ಗೊಣಗುತ್ತಾರೆ.

ಒಂಬತ್ತೂ ಹತ್ತಕ್ಕೆ ಕ್ರಿಸ್ಪುಲೋ ಬರುತ್ತಾರೆ. ಜೋವಿತಾ ಬಾಗಿಲಲ್ಲೇ ಅವರಿಗೆ ಎಲ್ಲ ಹೇಳುತ್ತಾಳೆ. "ಏನೇ ಸಲ್ವಾ, ನನ್ನ ಹಾಸಿಗೇಲಿ ನೀನು ಮಲಗಿದ್ಯಂತೆ? ಊರೋರು ಏನಂದಾರು?"

ಯಾರೂ ನಗುವುದಿಲ್ಲ. ಅವರು ಕೂರುತ್ತಾರೆ, ಜೋವಿತಾಳ ಆಸರೆಯಲ್ಲಿ ಮಲಗುತ್ತಾರೆ. ಕಾಲು ಗಂಟೆ ಬಿಟ್ಟು ಅವಳೇ ಎಬ್ಬಿಸಿ ಅಂಚಿಗೆ ಕೂರಿಸುತ್ತಾಳೆ. ಪಾದಗಳೆರಡೂ ನೆಲಕ್ಕೆ ಊರಿವೆ, ಸೊಂಟ ಮಂಡಿಗಿಂತ ಮೇಲಿದೆ. ಹಾಸಿಗೆಯ ಮೇಲೆ ಅಂಗೈ ಒತ್ತಿ ಒಂದೇ ಪ್ರಯತ್ನಕ್ಕೆ ತಾವೇ ಎದ್ದು ವಾಕರ್ ಹಿಡಿಯುತ್ತಾರೆ.

ಸಲ್ವಾ ಬಾಗಿಲಿಗೊರಗಿ ಕಣ್ಣೊರೆಸಿಕೊಳ್ಳುತ್ತಾರೆ. "ಅಂಗಡೀಲಿ ಎ.ಸಿ. ಇಲ್ದಿರೋ ಒಂದು ಮೂಲೆ ಕೊಟ್ರೆ ಸಾಕು, ಒಂದು ಫ್ಯಾನು. ಇನ್ನೇನೂ ಬೇಡ ನಂಗೆ."

ಫೋನ್ ಬಡಿದುಕೊಳ್ಳುತ್ತದೆ. ಮ್ಯಾನೇಜರು.

"ಎಲ್ರೂ ಮಲಗಿ ನೋಡಿ ಕೊಳ್ತಾರೆ ಕಣಪ್ಪ," ಎಂದು ನನಗೆ ಹೇಳಿ ಅಂಗಿಯ ತೋಳಿಗೇ ಮುಖ ಒರೆಸಿಕೊಳ್ಳುತ್ತಾರೆ. "ಎದ್ದು ನೋಡೋಳು ನಾನೊಬ್ಬಳೇ." ಆಮೇಲೆ ಫೋನ್ ಎತ್ತುತ್ತಾರೆ.